ಮೂಗಿನ ಮೇಲಿನ ಎರಡು ಗುಳಿ

ಒಂಬತ್ತನೇ ಇಯತ್ತೆಯಲ್ಲಿದ್ದಾಗ ನಾನು ನಮ್ಮೂರ ಮಾಸ್ತರರ ಮುಖವನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ಮಾಸ್ತರರು ತೀರಿಕೊಂಡು ಆಗಲೇ ಹತ್ತು ವರ್ಷ ದಾಟಿತ್ತು. ತಿಕ್ಕಿದ್ದು ಅವರ ಕಂಚಿನ ಮುಖವನ್ನು.

ಅಂಕೋಲೆಯಿಂದ ಕುಮಟೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ನಮ್ಮೂರು. ಹಂಚಿನ ಮಾಡಿನ ಒಂದು ವಾಚನಾಲಯ, ಅದರೆದುರು ಒಂದು ಸುರಗಿ ಮರ, ಮರದ ಪಕ್ಕ ಚಿರೆಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಎದೆಮಟ್ಟದ ಮಾಸ್ತರರು. ತಲೆಗೆ ಗಾಂಧಿ ಟೋಪಿ, ಮೈಗೆ ಮುಚ್ಚುಕಾಲರಿನ ಕೋಟು. ಎರಡನೇ ಗುಂಡಿಯ ಕೆಳಗೆ ಮನುಷ್ಯ ಮುಗಿದು ಕಲ್ಲು ಶುರುವಾಗುತ್ತದೆ. ಆ ವಾಚನಾಲಯ ಅವರೇ ಕಟ್ಟಿಸಿದ್ದು. ಪುತ್ಥಳಿ ಊರವರು ವರ್ಗಣಿ ಎತ್ತಿ ಮಾಡಿಸಿದ್ದು. ನಮ್ಮ ಮನೆಯಿಂದ ಸೋರುವ ತಾಮ್ರದ ಕೊಡವೊಂದು ಅದಕ್ಕೆ ಹೋಗಿದೆ ಅಂತ ಅಮ್ಮ ಈಗಲೂ ಹೇಳುತ್ತಾಳೆ, ಮಾಸ್ತರರ ಯಾವ ಭಾಗದಲ್ಲಿ ನಮ್ಮ ಕೊಡ ಇದೆಯೋ ದೇವರೇ ಬಲ್ಲ.

ಅದು ಆಗಸ್ಟ್ 14ರ ಸಂಜೆ. ವಾಚನಾಲಯ ನೋಡಿಕೊಳ್ಳುತ್ತಿದ್ದ ಅಣ್ಣ ನನ್ನನ್ನು ಕರೆದು, "ತಮ್ಮಾ, ನಾಳೆ ಬಾವುಟ ಹಾರ್ಸೂಕೆ ದೊಡ್ಡ ಜನ ಬತ್ರು. ಮಾಸ್ತರ್ರ ಮೋರೆ ಕರಿ ಹಿಡ್ದೋಗದೆ. ಚೂರು ಬೆಳಗ್‌ಬಿಡು" ಅಂದ. ಕಂಚು ಬೆಳಗುವುದು ನಮ್ಮ ಮನೆಯಲ್ಲಿ ಪ್ರತಿ ಹಬ್ಬದ ಹಿಂದಿನ ದಿನದ ಕೆಲಸ, ನನಗೇನು ಹೊಸದಲ್ಲ. ಅಮ್ಮ ಒಂದು ಉಂಡೆ ಹಳೆ ಹುಣಸೆ, ಒಂದು ಮುಷ್ಟಿ ಸಾಣಿಕಟ್ಟೆಯ ಕಲ್ಲುಪ್ಪು, ತೆಂಗಿನ ನಾರು ಕೊಟ್ಟಳು. ಮಳೆ ಹೊಳವಾಗಿದ್ದ ಒಂದು ತಾಸಿನಲ್ಲಿ ಕೆಲಸ ಮುಗಿಸಿದೆ. ಕಾಫಿಪುಡಿ ಬಣ್ಣಕ್ಕಿದ್ದ ಕೆನ್ನೆ, ಹಣೆ, ಮೂಗಿನ ತುದಿ ಹೊಸ ತಂಬಿಗೆಯ ಹಾಗೆ ಹೊಳೆದವು. ಕಣ್ಣಿನ ಗೂಡು, ಬಾಯಿಯ ಸಂದಿ, ಕಿವಿಯ ಒಳಸುತ್ತು, ಕಾಲರಿನ ಮಡಿಕೆ ಇವು ಮಾತ್ರ ಎಷ್ಟು ತಿಕ್ಕಿದರೂ ಕಪ್ಪಾಗಿಯೇ ಉಳಿದವು. ಮೂಗಿನ ಏಣಿನ ಆಚೆ ಈಚೆ ಕೂಡ ಎರಡು ಕಪ್ಪು ಚುಕ್ಕೆ ಉಳಿದಿದ್ದವು. ಹಿಡಿಕಡ್ಡಿ ತಂದು ಕೆರೆದೆ, ಹೋಗಲಿಲ್ಲ. ಎರಕ ಹೊಯ್ಯುವಾಗ ಆದ ತೂತು ಇರಬೇಕು ಅಂದುಕೊಂಡು ಬಿಟ್ಟೆ.

ಮರುದಿನ ಬಂದ ಗಣ್ಯರು ಹೊಗಳಿದರು. ಯಾರೋ ನನ್ನ ಬೆನ್ನು ತಟ್ಟಿದರು.

ಚೌತಿ ಹಬ್ಬದ ಹೊತ್ತಿಗೆ ಮಾಸ್ತರರ ಗದ್ದದ ಕೆಳಗೆ ತಿಳಿಹಸಿರು ಪುಡಿ ಎದ್ದಿತ್ತು. ಬೆರಳು ಮುಟ್ಟಿಸಿದರೆ ರಂಗೋಲಿ ಹಿಟ್ಟಿನಂತೆ ಉದುರುತ್ತಿತ್ತು. ದೀಪಾವಳಿಗೆ ಆ ಹಸಿರು ಇಳಿದು ಚಿರೆಕಲ್ಲಿನ ಮೇಲೆ ಗೆರೆ ಮೂಡಿತ್ತು. ಇದಕ್ಕೂ ನನ್ನ ಉಪ್ಪಿಗೂ ಸಂಬಂಧವಿದೆ ಅಂತ ಗೊತ್ತಾಗಲು ನನಗೆ ಇಪ್ಪತ್ತು ವರ್ಷವೇ ಬೇಕಾಯಿತು. ಹುಣಸೆಯ ಹುಳಿ ಮೇಲಿನ ಪದರವನ್ನು ಕರಗಿಸಿ ತೆಗೆಯುತ್ತದೆ. ಉಪ್ಪಿನೊಳಗಿನ ಕ್ಲೋರೈಡ್ ಬರಿಯಾದ ತಾಮ್ರವನ್ನು ಹಿಡಿಯುತ್ತದೆ. ಹೀಗೆ ಹುಟ್ಟುವ ತಾಮ್ರದ ಕ್ಲೋರೈಡ್‌ಗೆ ಒಂದಿಷ್ಟು ತೇವ, ಒಂದಿಷ್ಟು ಗಾಳಿ ಸಿಕ್ಕರೆ ಆಮ್ಲ ಆಗುತ್ತದೆ, ಆ ಆಮ್ಲ ಮತ್ತಷ್ಟು ತಾಮ್ರ ತಿನ್ನುತ್ತದೆ, ಅದರಿಂದ ಮತ್ತೆ ಕ್ಲೋರೈಡ್. ಮನೆಯ ದೀಪಕ್ಕೆ ಈ ಕಾಯಿಲೆ ಬರುವುದಿಲ್ಲ, ಯಾಕೆಂದರೆ ಅದನ್ನು ಬೆಳಗಿದ ಮೇಲೆ ಚೆನ್ನಾಗಿ ತೊಳೆದು ಒರೆಸಿ ಒಳಗಿಡುತ್ತೇವೆ, ಮತ್ತೆ ಮುಂದಿನ ಹಬ್ಬಕ್ಕೆ ತಿಕ್ಕುತ್ತೇವೆ. ಮಾಸ್ತರರು ಮಳೆಯಲ್ಲಿ ನಿಂತಿದ್ದರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಉಳಿದ ದಿನ ಕಡಲಿನ ಉಪ್ಪುಗಾಳಿ. ಕಂಚಿಗೆ ಇದಕ್ಕಿಂತ ಕೆಟ್ಟ ಊರು ಸಿಗಲಿಕ್ಕಿಲ್ಲ.

ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಅಣ್ಣ 'ಕರಿ' ಅಂದದ್ದು, ನಾನು ಕೊಳೆ ಅಂದುಕೊಂಡದ್ದು ಕೊಳೆಯಾಗಿರಲಿಲ್ಲ. ಎರಕದ ಕಂಚು ಹೊರಬಂದಾಗ ಹಳದಿ ಕೆಂಪು ಬಣ್ಣಕ್ಕಿರುತ್ತದೆ. ಅದನ್ನು ಬೆಂಕಿಯ ಜ್ವಾಲೆಯಿಂದ ಬಿಸಿ ಮಾಡುತ್ತ, ಗಂಧಕದ ಲವಣವೋ ಕಬ್ಬಿಣದ ನೈಟ್ರೇಟೋ ಕಲಸಿದ ನೀರನ್ನು ಬ್ರಶ್ಶಿನಿಂದ ಹೊಡೆಯುತ್ತ, ಲೋಹದ ಮೈಯಲ್ಲೇ ಕಂದು ಬರಿಸುತ್ತಾರೆ. ಇದಕ್ಕೆ ಪಟಿನಾ ಅನ್ನುತ್ತಾರೆ. ಕೊನೆಗೆ ಮೇಣ ಹಚ್ಚಿ ಒರೆಸುತ್ತಾರೆ. ಆ ಕಂದು ಎಲ್ಲಿ ಗಾಢ, ಎಲ್ಲಿ ತೆಳು ಅನ್ನುವುದೆಲ್ಲ ಶಿಲ್ಪಿ ನಿಂತು ನೋಡಿ ಮಾಡಿದ ತೀರ್ಮಾನ. ನಾನು ಒಂದು ತಾಸಿನಲ್ಲಿ ತೊಳೆದು ಗಟಾರಕ್ಕೆ ಬಿಟ್ಟಿದ್ದೆ.

ಊರಿನಲ್ಲಿ ಆ ಪುತ್ಥಳಿಯ ಬಗ್ಗೆ ಯಾರಿಗೂ ಅಂಥ ಅಭಿಮಾನವೇನೂ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. "ಹೋಲೂದಿಲ್ಲ" ಎಂಬುದು ಎಲ್ಲರ ದೂರು. ಕಾರಣ, ಕನ್ನಡಕ. ಮಾಸ್ತರರನ್ನು ಕನ್ನಡಕವಿಲ್ಲದೆ ಕಂಡವರೇ ಇಲ್ಲ, ಪುತ್ಥಳಿಗೆ ಕನ್ನಡಕವೇ ಇಲ್ಲ. ಫೋಟೋ ನೋಡಿ ಮಾಡಿದ್ದು, ಕಡಿಮೆ ದುಡ್ಡಿಗೆ ಮುಗಿಸಿದ್ದು, ತಂತಿಯ ಕೆಲಸ ಬಿಟ್ಟಿದ್ದು ಅಂತ ಮಾತು. ಒಂದು ಪುಣ್ಯತಿಥಿಯ ದಿನ ಯಾರೋ ಉತ್ಸಾಹಿಗಳು ಹಳೇ ಫ್ರೇಮ್ ತಂದು ಸುತಲಿಯಿಂದ ಕಟ್ಟಿದ್ದರು. ಆ ದಿನದ ಫೋಟೋದಲ್ಲಿ ಮಾಸ್ತರರು ಏಕಪಾತ್ರಾಭಿನಯ ಸ್ಪರ್ಧೆಗೆ ನಿಂತವರಂತೆ ಕಾಣುತ್ತಾರೆ.

ಹೆದ್ದಾರಿ ನಾಲ್ಕು ಪಥವಾಗುವಾಗ ಕಟ್ಟೆ ಗೆರೆಯೊಳಗೆ ಬಂತು. ಸುರಗಿ ಮರ ಹೋಯಿತು. ಪುತ್ಥಳಿಯನ್ನು ಹಿಂದಕ್ಕೆ ಸರಿಸುವುದು ಅಂತಾಯಿತು. ಹೊಸ ಕಟ್ಟೆ ಏಳುವ ತನಕ ಮೂರು ತಿಂಗಳು ಮಾಸ್ತರರು ವಾಚನಾಲಯದ ಒಳಕೋಣೆಯಲ್ಲಿ, ಹಳೇ ಸಾಪ್ತಾಹಿಕಗಳ ಕಟ್ಟಿನ ನಡುವೆ ಇದ್ದರು. ನಾನು ಕಾರವಾರದಲ್ಲಿ ನೌಕರಿ, ಶನಿವಾರ ರೈಲಿಗೆ ಊರಿಗೆ ಬರುತ್ತಿದ್ದೆ. ಆ ಮೂರು ತಿಂಗಳ ಶನಿವಾರಗಳಲ್ಲಿ ನಾನು ಅವರನ್ನು ನೋಡಿದಷ್ಟು ಬದುಕಿದ್ದ ಯಾರನ್ನೂ ನೋಡಿಲ್ಲ. ಬದುಕಿದ್ದವರನ್ನು ಹಾಗೆ ದಿಟ್ಟಿಸಿದರೆ ಸುಮ್ಮನೆ ಬಿಟ್ಟಾರೆಯೇ.

ಮೊದಲು ಕಂಡದ್ದು ಒಳಭಾಗ. ನಾಲ್ಕು ಬೋಲ್ಟ್ ಬಿಚ್ಚಿ ಇಬ್ಬರು ಎತ್ತಿ ತಂದು, ಗೋಣಿಚೀಲದ ಮೇಲೆ ಅಂಗಾತ ಮಲಗಿಸಿದ್ದರು. ಒಳಗೆ ಟೊಳ್ಳು. ಮೊಬೈಲಿನ ಬೆಳಕು ಬಿಟ್ಟು ಕತ್ತಿನ ಕೆಳಗಿನಿಂದ ಇಣುಕಿದೆ. ಹೊರಗೆ ಉಬ್ಬಿದ ಮೂಗು ಒಳಗೆ ಒಂದು ಗುಂಡಿ. ಹುಬ್ಬು ಒಂದು ಕಾಲುವೆ. ಗೋಡೆಯ ದಪ್ಪ ಐದಾರು ಮಿಲಿಮೀಟರ್. ಆ ಗೋಡೆಯ ತುಂಬ ಇಳಿದು ಗಟ್ಟಿಯಾದ ಹನಿಗಳು, ಬ್ರಶ್ಶಿನ ಎಳೆಗಳು. ಅವೆಲ್ಲ ಮೇಣದವು. ಅಂದರೆ ಮೇಣವಾಗಿದ್ದಾಗಿನ ಗುರುತುಗಳು, ಈಗ ಕಂಚಿನಲ್ಲಿ. ಶಿಲ್ಪಿ ಜೇಡಿಮಣ್ಣಿನಲ್ಲಿ ಮುಖ ಮಾಡುತ್ತಾನೆ. ಅದರಿಂದ ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ ಕರಗಿದ ಮೇಣವನ್ನು ಬ್ರಶ್ಶಿನಿಂದ ಬಳಿದು, ಹೊಯ್ದು ತಿರುಗಿಸಿ, ತೆಳ್ಳಗಿನ ಮೇಣದ ಮುಖ ಮಾಡಿಕೊಳ್ಳುತ್ತಾರೆ. ಅದರ ಒಳಗೂ ಹೊರಗೂ ಬೆಂಕಿ ತಡೆಯುವ ಮಣ್ಣೋ ಪ್ಲಾಸ್ಟರೋ ತುಂಬಿ ಸುಟ್ಟರೆ ಮೇಣ ಹರಿದು ಹೋಗುತ್ತದೆ. ಮೇಣ ಬಿಟ್ಟುಹೋದ ಸಂದಿಗೆ ಸುಮಾರು 1100 ಡಿಗ್ರಿಗೆ ಕರಗಿದ ಕಂಚು ಇಳಿಯುತ್ತದೆ. ನಮ್ಮ ಕಡೆಗೆ ಇದೇನೂ ಹೊರಗಿನಿಂದ ಬಂದ ವಿದ್ಯೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಮಾನಸೋಲ್ಲಾಸದಲ್ಲಿ ಈ ವಿಧಾನವನ್ನು ಬಿಡಿಸಿ ಹೇಳಿದ್ದಾನೆ. ಮೇಣವನ್ನು ಮೊದಲೇ ತೂಗಿಟ್ಟುಕೋ, ಲೋಹ ಎಷ್ಟು ಬೇಕೆಂದು ಅದರಿಂದ ತಿಳಿಯುತ್ತದೆ ಎಂಬ ಲೆಕ್ಕವೂ ಅಲ್ಲಿದೆ. ಇವತ್ತಿಗೂ ಎರಕದವರು ಒಂದು ಕಿಲೋ ಮೇಣಕ್ಕೆ ಒಂಬತ್ತು ಹತ್ತು ಕಿಲೋ ಕಂಚು ಹಿಡಿಯುತ್ತಾರೆ.

ಮಣ್ಣು, ಅಚ್ಚು, ಮೇಣ, ಮತ್ತೆ ಅಚ್ಚು, ಕಂಚು. ಇಷ್ಟು ಮನೆ ದಾಟಿದರೂ ಬೆರಳಿನ ಗೆರೆ ಅಳಿಯುವುದಿಲ್ಲ ಅನ್ನುವುದು ನನಗೆ ಆಶ್ಚರ್ಯ. ಕಾಲರಿನ ಹಿಂಬದಿಯಲ್ಲಿ ಒಂದು ಹೆಬ್ಬೆಟ್ಟು ಒತ್ತಿದ ತಗ್ಗಿದೆ, ಗೆರೆಗಳ ಸಮೇತ. ನಾನು ನನ್ನ ಹೆಬ್ಬೆಟ್ಟು ಇಟ್ಟು ನೋಡಿದೆ, ಅದಕ್ಕಿಂತ ಚಿಕ್ಕದು. ಕಂಚು ಆರುವಾಗ ಶೇಕಡಾ ಒಂದೂವರೆ ಎರಡರಷ್ಟು ಕುಗ್ಗುತ್ತದೆ, ಮೇಣವೂ ತನ್ನ ಪಾಲಿನದನ್ನು ಕುಗ್ಗಿರುತ್ತದೆ. ಹಾಗಾಗಿ ಒತ್ತಿದ ಬೆರಳಿಗಿಂತ ಗುರುತು ಸಣ್ಣದು, ಮಾಸ್ತರರಿಗಿಂತ ಮಾಸ್ತರರು ಕೂದಲೆಳೆಯಷ್ಟು ಸಣ್ಣವರು. ಆ ಬೆರಳು ಯಾರದ್ದು? ಮಣ್ಣಿನಲ್ಲಿ ಒತ್ತಿದ್ದಾದರೆ ಶಿಲ್ಪಿಯದು. ಮೇಣದ ಮುಖವನ್ನು ಅಚ್ಚಿನಿಂದ ಬಿಡಿಸಿ ಎತ್ತುವಾಗ ಆಗಿದ್ದಾದರೆ, ಎರಕದ ಶಾಲೆಯ ಯಾವುದೋ ಹುಡುಗನದು. ಕಂಚು ಇಬ್ಬರದ್ದನ್ನೂ ಒಂದೇ ಥರ ಇಟ್ಟುಕೊಳ್ಳುತ್ತದೆ.

ಒಂದು ಶನಿವಾರ ಮಳೆ ಹೊಡೆದು ಕರೆಂಟು ಹೋಯಿತು. ಟಾರ್ಚ್ ಹಿಡಿದು ನೋಡಿದೆ. ಎದುರಿನಿಂದ ಬೆಳಕು ಬಿಟ್ಟರೆ ಮತದಾರರ ಚೀಟಿಯ ಫೋಟೋ ಹಾಗೆ, ಮುಖ ಚಪ್ಪಟೆ. ಟಾರ್ಚನ್ನು ಮೆಲ್ಲಗೆ ಕಿವಿಯ ಕಡೆಗೆ ಒಯ್ಯುತ್ತ ಹೋದಂತೆ ಕೆನ್ನೆ ಎದ್ದು ಬಂತು. ದೊಂದಿ ಬೆಳಕಿನ ಯಕ್ಷಗಾನ ನೋಡಿದ ಹಿರಿಯರು ಟ್ಯೂಬ್‌ಲೈಟಿನ ಆಟವನ್ನು ಯಾಕೆ ಬೈಯುತ್ತಿದ್ದರು ಅಂತ ಆಗ ಅರ್ಥವಾಯಿತು. ರಾಕ್ಷಸ ಪಾತ್ರದ ಬಣ್ಣದ ವೇಷದ ಮುಖದಲ್ಲಿ ಹಿಟ್ಟಿನ ಚಿಟ್ಟೆ, ಅಂದರೆ ಉಬ್ಬು ಚುಕ್ಕೆ, ಇಡುವುದೇ ನೆರಳು ಬೀಳಲಿ ಅಂತ. ನಾಲ್ಕೂ ಕಡೆಯಿಂದ ಬೆಳಕು ಸುರಿದರೆ ಅದು ಬರೀ ಚುಕ್ಕೆ.

ಅಡ್ಡ ಬೆಳಕಿನಲ್ಲಿ ಕೆನ್ನೆ ನಯವಾಗಿಲ್ಲ ಅನ್ನುವುದು ಕಂಡಿತು. ನಾನು ಹುಡುಗನಾಗಿದ್ದಾಗ ನಾರಿಗೆ ತೊಡಕಿದ್ದು ಇದೇ. ಅವಲಕ್ಕಿಯಂಥ ಸಣ್ಣ ಸಣ್ಣ ಮಣ್ಣಿನ ತುಣುಕುಗಳನ್ನು ಬೆರಳಿನಿಂದ ಒಂದರ ಪಕ್ಕ ಒಂದು ಒತ್ತಿ, ಸಾರಿಸದೆ ಹಾಗೇ ಬಿಟ್ಟಿದ್ದಾನೆ ಶಿಲ್ಪಿ. ಕೆನ್ನೆಯ ಮೂಳೆಯ ಮೇಲೆ ತುಣುಕುಗಳು ಓರೆಯಾಗಿ ಕಿವಿಯ ಕಡೆ ಓಡುತ್ತವೆ, ಅದರ ಕೆಳಗೆ, ಹಲ್ಲು ಬಿದ್ದು ಒಳಕ್ಕೆ ಹೋದ ಕಡೆ, ದಿಕ್ಕು ಬದಲಾಗಿ ಬಾಯಿಯ ಕಡೆ ತಿರುಗುತ್ತವೆ. ತುಣುಕು ತಿರುಗಿದ ಜಾಗವೇ ನಮಗೆ ದೂರದಿಂದ 'ಗುಳಿಬಿದ್ದ ಕೆನ್ನೆ' ಅಂತ ಕಾಣುವುದು. ಹತ್ತಿರ ಹೋದರೆ ಕೆನ್ನೆಯೇ ಇಲ್ಲ, ಅವಲಕ್ಕಿ. ನಾಲ್ಕು ಹೆಜ್ಜೆ ಹಿಂದೆ ಬಂದರೆ ಮಾಸ್ತರರು. ಶಿರಸಿಯ ಗುಡಿಗಾರರ ಮನೆಯಲ್ಲಿ ಗಂಧದ ಕೆತ್ತನೆ ನೋಡಿದ್ದೇನೆ. ಅಲ್ಲಿ ಉಳಿ ಒಮ್ಮೆ ತೆಗೆದದ್ದು ತೆಗೆದದ್ದೇ, ಹಾಗಾಗಿ ಮೈಯೆಲ್ಲ ಒಂದು ನಿರ್ಧಾರ ಇರುತ್ತದೆ. ಮಣ್ಣಿನ ಕೆಲಸದಲ್ಲಿ ಒತ್ತಬಹುದು, ಕೀಳಬಹುದು, ಮತ್ತೆ ಒತ್ತಬಹುದು. ಎಡಗೆನ್ನೆಯಲ್ಲಿ ಅವನು ಎರಡು ಮೂರು ಸಲ ಮನಸ್ಸು ಬದಲಾಯಿಸಿದ್ದು ಕಾಣುತ್ತದೆ.

ಕಣ್ಣಿಗೆ ಬಣ್ಣವಿಲ್ಲ, ತೂತು. ಪಾಪೆಯ ಜಾಗವನ್ನು ಆಳಕ್ಕೆ ಕೊರೆದು, ಅದರ ಮೇಲಂಚಿನಲ್ಲಿ ಅಕ್ಕಿನುಚ್ಚಿನಷ್ಟು ಮಣ್ಣನ್ನು ಉಳಿಸಿದ್ದಾನೆ. ಆ ನುಚ್ಚಿನ ಮೇಲೆ ಬೆಳಕು ಕೂತಾಗ ಕಣ್ಣು ಮಿನುಗುತ್ತದೆ. ಇದು ಬಹಳ ಹಳೆಯ ಉಪಾಯ. ರೋಮಿನವರು ಅಮೃತಶಿಲೆಯ ಮುಖಗಳ ಕಣ್ಣಿಗೆ ಮೊದಲು ಬಣ್ಣ ಹಚ್ಚುತ್ತಿದ್ದರು, ಎರಡನೇ ಶತಮಾನದಲ್ಲಿ ಚಕ್ರವರ್ತಿ ಹೇಡ್ರಿಯನ್ನನ ಕಾಲದಿಂದ ಪಾಪೆ ಕೊರೆಯತೊಡಗಿದರು.

ಟೋಪಿ ಮಾತ್ರ ನನಗೆ ಸೇರಲಿಲ್ಲ. ಖಾದಿಯ ತುಂಡನ್ನೇ ಒತ್ತಿ ನೇಯ್ಗೆಯ ಗುರುತು ತೆಗೆದಿದ್ದಾನೆ. ನಿಜವಾದ ಬಟ್ಟೆಯ ಗುರುತೇ ಆದರೂ ಟೋಪಿ ತಗಡಿನದರಂತೆ ಕಾಣುತ್ತದೆ. ಕೆನ್ನೆಯ ಮೇಲೆ ಅಷ್ಟು ಪಾಡು ಪಟ್ಟವನು ಟೋಪಿಗೆ ಬರುವಾಗ ಊಟದ ಹೊತ್ತಾಗಿತ್ತೋ ಏನೋ.

ತಲೆಯ ಹಿಂಭಾಗವನ್ನು ನಾನು ಅಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ. ಹಿಂದೆ ಸುರಗಿ ಮರವಿತ್ತು. ದೇವಸ್ಥಾನಕ್ಕೆ ಹೋದರೆ ಪ್ರದಕ್ಷಿಣೆ ಬರುತ್ತೇವೆ, ಪುತ್ಥಳಿಗೆ ಹಾರ ಹಾಕಿ ಎದುರಿನಿಂದಲೇ ವಾಪಸ್ಸು. ಹಿಂದಿನಿಂದ ನೋಡಿದರೆ ಕತ್ತು ಬಲಕ್ಕೆ ಒಂದು ಚೂರು ವಾಲಿದೆ, ಎಡ ಹೆಗಲು ಎತ್ತರ. ದಿನವೂ ಎಡಹೆಗಲಿಗೆ ಚೀಲ ನೇತುಹಾಕಿ ನಡೆದವರ ಭುಜ ಹಾಗಾಗುತ್ತದೆ, ಚೀಲ ಜಾರದಿರಲಿ ಅಂತ ಎತ್ತಿ ಎತ್ತಿ. ಪ್ಯಾರಿಸ್ಸಿನ ಶಿಲ್ಪಿ ರೊಡಾನ್ ತನ್ನ ಬಡತನದ ದಿನಗಳಲ್ಲಿ, 1863–64ರ ಹೊತ್ತಿಗೆ, ಓಣಿಯಲ್ಲಿ ಚಿಲ್ಲರೆ ಕೆಲಸ ಮಾಡಿಕೊಂಡಿದ್ದ, ಮೂಗು ಮುರಿದ ಮುದುಕನೊಬ್ಬನ ತಲೆ ಮಾಡಿದ್ದ. ಕೋಣೆಗೆ ಬೆಂಕಿಯಿಲ್ಲದೆ ಚಳಿಗೆ ಮಣ್ಣು ಹೆಪ್ಪುಗಟ್ಟಿ ತಲೆಯ ಹಿಂಭಾಗ ಕಳಚಿಬಿತ್ತು. ಉಳಿದ ಮುಖವನ್ನೇ ಮುಖವಾಡದ ಹಾಗೆ ಪ್ರದರ್ಶನಕ್ಕೆ ಕಳಿಸಿದ, ಅವರು ತಿರಸ್ಕರಿಸಿದರು. ಇವತ್ತು ಅದು ಅವನ ಹೆಸರಾದ ಕೃತಿಗಳಲ್ಲೊಂದು. ಹಿಂಭಾಗವಿಲ್ಲದ ಮುಖವೂ ನಿಲ್ಲಬಹುದು ಅಂತಾಯಿತು. ಆದರೆ ನಮ್ಮ ಮಾಸ್ತರರನ್ನು ಹಾಗೆ ಮಾಡಿದ್ದರೆ ಆ ಚೀಲ ಹೋಗುತ್ತಿತ್ತು.

ಹೋಲಿಕೆ ಅನ್ನುವಾಗ ಕಾರವಾರದಲ್ಲಿ ಇರುವವನಿಗೆ ಕವಿ ರವೀಂದ್ರನಾಥ ಟಾಗೋರರ ನೆನಪಾಗದೆ ಇರದು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಅವರು ಇಲ್ಲಿ ಬಂದು ಇದ್ದರು, ಕಾಳಿ ನದಿಯಲ್ಲಿ ಬೆಳದಿಂಗಳ ದೋಣಿ ಹತ್ತಿದರು, ಒಂದು ನಾಟಕ ಬರೆದರು. ಕಡಲತೀರಕ್ಕೆ ಈಗ ಅವರದೇ ಹೆಸರು. ಆಗ ಅವರಿಗೆ 22 ವರ್ಷ. ರವೀಂದ್ರರು ಅಂದರೆ ನಮಗೆ ಕಾಣುವ ಆ ಋಷಿಗಡ್ಡ ಕಾರವಾರಕ್ಕೆ ಬಂದೇ ಇಲ್ಲ. 1926ರಲ್ಲಿ ಜೇಕಬ್ ಎಪ್‌ಸ್ಟೈನ್ ಮಾಡಿದ ಕಂಚಿನ ಮುಖ 65ರ ಹರೆಯದ್ದು. ಫೋಟೋದಲ್ಲಿ ನೋಡಿದರೂ ಗಡ್ಡದ ಮಣ್ಣು ಒರಟಾಗಿ ಎದ್ದು ನಿಂತಿರುವುದು ಕಾಣುತ್ತದೆ. ರಾಮಕಿಂಕರ್ ಬೈಜ್ ಮಾಡಿದ ರವೀಂದ್ರರ ಮುಖವೊಂದು ಹಂಗೇರಿಯ ಬಾಲಾಟನ್ ಸರೋವರದ ದಂಡೆಯಲ್ಲಿದೆ. ಕವಿಯಂತೆ ಇಲ್ಲ, ಹೋಲುವುದಿಲ್ಲ ಎಂಬ ತಕರಾರು ಎದ್ದು ಅದನ್ನು ಕೆಲವು ವರ್ಷ ತೆಗೆದು ಬೇರೆಯದನ್ನು ಇಟ್ಟು, ಆಮೇಲೆ ಮತ್ತೆ ಅದನ್ನೇ ತಂದರು. ಶಾಂತಿನಿಕೇತನದಲ್ಲಿ ರವೀಂದ್ರರನ್ನು ವರ್ಷಗಟ್ಟಲೆ ಹತ್ತಿರದಿಂದ ಕಂಡ ರಾಮಕಿಂಕರರ ಕೆಲಸಕ್ಕೇ ಹೋಲುವುದಿಲ್ಲ ಅಂದರಲ್ಲ ಅಂತ ನನಗೆ ನಗು ಬಂದಿತ್ತು. ನಮ್ಮೂರಿನವರದೂ ಇದೇ ಮಾತು ತಾನೇ.

ನಗು ಬಂದದ್ದಕ್ಕೆ ಕಾರಣವಿತ್ತು. ಅದೇ ಟಾರ್ಚಿನ ರಾತ್ರಿ ಮೂಗಿನ ಆಚೀಚೆಯ ಆ ಎರಡು ಕಪ್ಪು ಚುಕ್ಕೆ ಮತ್ತೆ ಕಂಡಿದ್ದವು. ಎರಕದ ತೂತಾದರೆ ಅಂಚು ಚೂಪಾಗಿರುತ್ತದೆ, ಒಳಗೆ ಸ್ಪಂಜಿನ ಹಾಗೆ. ಇವುಗಳ ಅಂಚು ಮೃದು. ಕಿರುಬೆರಳಿನ ತುದಿ ಸವರಿದರೆ ಹುರುಳಿಕಾಳು ಒತ್ತಿ ತೆಗೆದಂಥ ಎರಡು ಸಣ್ಣ ಗುಳಿ. ಮಾಡಿದ ಗುಳಿ. ನಾನು ನನ್ನ ಕನ್ನಡಕ ತೆಗೆದು ಮೂಗು ಮುಟ್ಟಿಕೊಂಡೆ.

ಶಿಲ್ಪಿ ಕನ್ನಡಕ ಬಿಟ್ಟಿರಲಿಲ್ಲ. ಕನ್ನಡಕ ತೆಗೆದಿಟ್ಟ ಮುಖವನ್ನು ಮಾಡಿದ್ದ. ಮಾಸ್ತರರ ಒಂದೇ ಒಂದು ಫೋಟೋದಲ್ಲೂ ಅವು ಕಾಣುವುದಿಲ್ಲ, ಎಲ್ಲದರಲ್ಲೂ ಕನ್ನಡಕ ಅವುಗಳ ಮೇಲೇ ಕೂತಿದೆ. ಫೋಟೋ ನೋಡಿ ಮಾಡಿದವನಿಗೆ ಅವು ಸಿಗುವ ಹಾಗೇ ಇಲ್ಲ. ನಾನು ಹುಣಸೆ ಹಾಕಿ ಸುತ್ತಲಿನ ಕಂದನ್ನು ಕಿತ್ತಿದ್ದರಿಂದ, ತಗ್ಗಿನಲ್ಲಿ ಉಳಿದ ಕಪ್ಪು ಅವನ್ನು ಬೊಟ್ಟಿಟ್ಟಂತೆ ತೋರಿಸುತ್ತಿತ್ತು. ತಪ್ಪು ಮಾಡಿದ್ದಕ್ಕೆ ಸಮಾಧಾನ ಹುಡುಕುತ್ತಿದ್ದೇನೆ ಅಂತ ಗೊತ್ತು. ಆದರೂ ಹೇಳಿದೆ. ಇನ್ನೊಂದು ವಿಚಿತ್ರವೂ ಇತ್ತು. ಎರಡು ಗುಳಿ ಒಂದೇ ಮಟ್ಟದಲ್ಲಿರಲಿಲ್ಲ, ಎಡಗಡೆಯದು ಅರ್ಧ ಅಕ್ಕಿಕಾಳಿನಷ್ಟು ಕೆಳಗೆ. ಕೆಲಸದಲ್ಲಿ ಕೈ ತಪ್ಪಿರಬೇಕು ಅಂದುಕೊಂಡೆ.

ಡಿಸೆಂಬರಿನಲ್ಲಿ ಹೊಸ ಕಟ್ಟೆ ಆಯಿತು. ಎರಕದ ಕೆಲಸ ಬಲ್ಲ ಗೆಳೆಯನೊಬ್ಬ ಹೇಳಿದ ಹಾಗೆ ಹಸಿರು ಪುಡಿಯನ್ನು ಬಿದಿರಿನ ಕಡ್ಡಿಯಿಂದ ಕೆರೆದು, ಬಟ್ಟಿ ಇಳಿಸಿದ ನೀರಿನಲ್ಲಿ ಹಲವು ಸಲ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಬಿಸಿ ಇರುವಾಗಲೇ ಮೇಣ ಹಚ್ಚಿದೆವು. ಹೋದ ಬಣ್ಣ ಬರುವುದಿಲ್ಲ. ಇಷ್ಟು ವರ್ಷದ ಗಾಳಿ ಮಳೆ ಹೊಳಪನ್ನು ಅದಾಗಲೇ ಒಂದು ಥರದ ಮಂಕು ಕಂದು ಮಾಡಿತ್ತು, ಸಾಕು.

ಪ್ರತಿಷ್ಠಾಪನೆಗೆ ಮಾಸ್ತರರ ಮಗಳು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದಿದ್ದರು. ಅವರೂ ಅಕ್ಕೋರಾಗಿ, ಅಂದರೆ ಶಾಲೆಯ ಶಿಕ್ಷಕಿಯಾಗಿ, ನಿವೃತ್ತರಾದವರು, ಎಂಬತ್ತು ಆಗಿದೆ. ಭಾಷಣ ಎಲ್ಲ ಮುಗಿದ ಮೇಲೆ, "ಅಕ್ಕೋರೆ, ಇಲ್ಲೊಂದು ನೋಡಿ" ಅಂತ ಕುರ್ಚಿಯ ಹತ್ತಿರವಿದ್ದ ಮೆಟ್ಟಿಲು ಹತ್ತಿಸಿ, ಅವರ ಬೆರಳು ಹಿಡಿದು ಆ ಗುಳಿಯ ಮೇಲೆ ಇಟ್ಟೆ.

ಅವರು ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ. "ಬಂದಿದ್ದ ಅಂವ. ಅಪ್ಪನ ಹತ್ರನೇ ಕಲ್ತವ, ಬೊಂಬಾಯಿಗೆ ಹೋಗಿ ಕೆಲಸ ಕಲ್ತಿದ್ದ. ಮೂರು ದಿನ ಜಗುಲಿ ಮೇಲೆ ಕೂರಿಸ್ಕಂಡು ಮಣ್ಣಲ್ಲಿ ಮಾಡ್ದ. ಕನ್ನಡಕ ತೆಗೀರಿ ಅಂದ, ಪೇಪರ್ ಓದೂಕೆ ಆಗೂದಿಲ್ಲ ಹೇಳಿ ಅಪ್ಪಂಗೆ ಸಿಟ್ಟು" ಅಂದರು. ಎಡಗಡೆಯದು ಕೆಳಗಿದೆಯಲ್ಲ ಅಂತ ನಾನು ಕೇಳುವ ಮೊದಲೇ ಅವರ ಬೆರಳು ಅದನ್ನು ಹುಡುಕಿತ್ತು. "ಎಡಗಡೆ ಕಡ್ಡಿ ಮುರ್ದಿತ್ತು ತಮ್ಮಾ. ಹೊಸದು ತಗಳಿ ಅಂದ್ರೆ ಕೇಳೂದೇ ಇಲ್ಲ. ದಾರ ಕಟ್ಟಿ ಕಿವಿಗೆ ಸುತ್ಕಂಡೇ ಇರೋರು. ಅದು ಜಾರಿ ಜಾರಿ ಓರೆ ನಿಲ್ತಿತ್ತು."

ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿದುಕೊಂಡಿದ್ದರು. ಕೆಳಗೆ ಬಂದು, ಸೆರಗು ಸರಿಮಾಡಿಕೊಂಡು, ಮತ್ತೊಮ್ಮೆ ತಲೆ ಎತ್ತಿ ನೋಡಿದರು.

"ಕಾಲರಿನ ಗುಂಡಿ ಮಾತ್ರ ಸುಳ್ಳು. ಅಪ್ಪ ಅದನ್ನ ಒಂದಿನಾನೂ ಹಾಕ್ಕಂಡವ್ರಲ್ಲ. ಸೆಕೆ ಅಂತ ಬಿಚ್ಚೇ ಇರ್ತಿದ್ರು."